ಟೈಮೌಟಿನಲ್ಲಿ ಬಂದ ಆಯಿ

ಬಾಸ್ಕೆಟ್‌ಬಾಲ್ ರೆಫರಿಗೆ ಕೆಲಸವಿರುವುದು ಚೆಂಡು ಓಡುತ್ತಿರುವಾಗ ಎಂದು ನೋಡುವವರು ತಿಳಿಯುತ್ತಾರೆ. ಪುಣೆಯಲ್ಲಿ ಬಿ.ಎ. ಮುಗಿಸಿ ದೈಹಿಕ ಶಿಕ್ಷಣದ ತರಬೇತಿಗೆ ಸೇರುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಅಲ್ಲಿ ನಮಗೆ ಆಟದ ನಿಯಮ ಕಲಿಸುತ್ತಿದ್ದ ವಯಸ್ಸಾದ ಮಾಸ್ತರರು ಮಾತ್ರ ಬೇರೆ ಹೇಳುತ್ತಿದ್ದರು. ಚೆಂಡು ಓಡುವಾಗ ಹತ್ತು ಜನರನ್ನು ನೋಡಿದರೆ ಸಾಕು, ಟೈಮೌಟ್ ಆದಾಗ ಇಡೀ ಊರನ್ನು ನೋಡಬೇಕು ಅಂತ. ನಾವು ನಕ್ಕಿದ್ದೆವು. ಅವರು ಹೀಗೆಯೇ ಹೇಳಿದರೋ, ಆಮೇಲೆ ಆದ ಅನುಭವದಿಂದ ನಾನೇ ಅವರ ಬಾಯಿಗೆ ಈ ಮಾತು ಹಾಕಿದೆನೋ ಈಗ ಖಚಿತವಿಲ್ಲ. ವಯಸ್ಸಾದ ಹಾಗೆ ನನ್ನ ನೆನಪಿನಲ್ಲಿರುವವರೆಲ್ಲ ಬಹಳ ಚೆನ್ನಾಗಿ ಮಾತಾಡತೊಡಗಿದ್ದಾರೆ. ಅದೇ ನನಗೆ ಗುಮಾನಿ.

ಟೈಮೌಟ್ ಎಂದರೆ ಒಂದು ನಿಮಿಷದ ಬಿಡುವು. ಒಂದು ತಂಡ ಕೇಳುತ್ತದೆ, ರೆಫರಿ ಸೀಟಿ ಊದುತ್ತಾರೆ, ಎರಡೂ ಕಡೆಯವರು ತಮ್ಮ ತಮ್ಮ ಬದಿಗೆ ಹೋಗಿ ನೀರು ಕುಡಿದು, ಕಲಿಸುವವರು ಹೇಳಿದ್ದು ಕೇಳಿಕೊಂಡು ಬರುತ್ತಾರೆ. ರೆಫರಿ ಚೆಂಡನ್ನು ಸೊಂಟಕ್ಕೆ ಆನಿಸಿಕೊಂಡು ಅಂಗಳದ ನಡುವೆ ನಿಂತಿರಬೇಕು. ಹಾಗೆ ನಿಂತವರಿಗೆ ಗೊತ್ತು, ಆಟದಲ್ಲಿ ನಡೆಯದ ಕಿತಾಪತಿಗಳೆಲ್ಲ ಆ ಒಂದು ನಿಮಿಷದಲ್ಲಿ ನಡೆಯುತ್ತವೆ. ಒಬ್ಬಳು ಕುಡಿಯುವ ನೆವದಲ್ಲಿ ಎದುರು ತಂಡ ಓಡಿ ಬರುವ ಜಾಗದಲ್ಲಿ ತಂಬಿಗೆ ನೀರು ಚೆಲ್ಲಿ ಬರುತ್ತಾಳೆ. ಇನ್ನೊಬ್ಬಳು ಜಡೆ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ ಒಂದು ನಿಮಿಷವನ್ನು ಮೂರು ಮಾಡುತ್ತಾಳೆ. ಮಗದೊಬ್ಬಳು ಎದುರಾಳಿಗಳ ಗುಂಪಿನ ಹಿಂದೆ ಆಕಾಶ ನೋಡುತ್ತ ನಿಲ್ಲುತ್ತಾಳೆ, ಕಿವಿ ಮಾತ್ರ ಅವರ ಕಡೆಗೆ. ಇದಕ್ಕೆಲ್ಲ ನಿಯಮ ಸರಳ. ಮೊದಲು ಕ್ಯಾಪ್ಟನ್ನಿಗೆ ಎಚ್ಚರಿಕೆ. ಕೇಳದಿದ್ದರೆ ಟೆಕ್ನಿಕಲ್ ಫೌಲ್, ಅಂದರೆ ಎದುರು ತಂಡದವರೊಬ್ಬರು ಯಾರ ಅಡ್ಡಿಯೂ ಇಲ್ಲದೆ ನಿಂತು ಬುಟ್ಟಿಗೆ ಒಮ್ಮೆ ಎಸೆಯಬಹುದು. ಬಿದ್ದರೆ ಒಂದು ಪಾಯಿಂಟು.

ಕದ್ದು ಕೇಳುವುದನ್ನು ಸೊಲ್ಲಾಪುರದಲ್ಲಿ ಯಾರೂ ತಪ್ಪೆಂದು ಎಣಿಸುತ್ತಲೇ ಇರಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಮಗ್ಗದ ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು. ಗುಟ್ಟು ಮಾತಾಡಿಕೊಳ್ಳಲು ಆ ಊರಿನಲ್ಲಿ ಭಾಷೆಯೇ ಉಳಿದಿರಲಿಲ್ಲ. ಒಮ್ಮೆ ಒಂದು ತಂಡದವರು ಹಟಕ್ಕೆ ಬಿದ್ದು ಇಂಗ್ಲಿಷಿನಲ್ಲಿ ಉಪಾಯ ಮಾಡಿದರು. ಅವರ ಇಂಗ್ಲಿಷು ಅವರಿಗೇ ತಿಳಿಯದೆ, ಆಟ ಶುರುವಾದ ಮೇಲೆ ಮೂವರು ಸೇರಿ ಒಬ್ಬಳನ್ನೇ ಕಾಯಲು ಓಡಿದರು.

ನಾನು ಆಗ ಸೊಲ್ಲಾಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸುತ್ತಿದ್ದೆ. ಸೀಟಿ ಊದಬಲ್ಲ ಬೇರೆ ಹೆಂಗಸರು ಆ ಸುತ್ತಿನಲ್ಲಿ ಇರಲಿಲ್ಲವಾದ್ದರಿಂದ, ನಮ್ಮ ಶಾಲೆ ಆಡದ ಹೆಣ್ಣುಮಕ್ಕಳ ಪಂದ್ಯ ಎಲ್ಲಿದ್ದರೂ ನನಗೆ ಕರೆ ಬರುತ್ತಿತ್ತು. ಐವತ್ತರ ದಶಕದ ನಡುವೆ, ಸಂಕ್ರಾಂತಿ ಕಳೆದ ಮೇಲಿನ ಒಂದು ರವಿವಾರ, ಹಾಗೆ ಕರೆ ಬಂದದ್ದು ಅಕ್ಕಲಕೋಟೆಯಿಂದ. ಅಲ್ಲಿನ ಶಾಲೆಯ ಹುಡುಗಿಯರಿಗೂ ಸೊಲ್ಲಾಪುರದ ಇನ್ನೊಂದು ಶಾಲೆಯ ಹುಡುಗಿಯರಿಗೂ ಪಂದ್ಯ. ಸೊಲ್ಲಾಪುರದ ತಂಡ ಹೋಗುವ ಬಸ್ಸಿನಲ್ಲಿಯೇ ನಾನೂ ಹೋದೆ. ದಾರಿಯುದ್ದಕ್ಕೂ ಆ ಹುಡುಗಿಯರು ಶೇಂಗಾ ಸುಲಿದು ತಿಂದರು, ಹಾಡಿದರು, ಕಂಡಕ್ಟರನಿಗೆ ಟಿಕೀಟು ಹರಿಯಲು ಬಿಡಲಿಲ್ಲ. ಅವರಲ್ಲಿ ಎಲ್ಲರಿಗಿಂತ ಎತ್ತರದವಳೊಬ್ಬಳು ಮಗ್ಗದ ಮನೆಯ ಹುಡುಗಿ. ಬಸ್ಸಿನಲ್ಲಿ ತಲೆ ಮೇಲೆ ತಾಗುತ್ತದೆಂದು ಕತ್ತು ಬಾಗಿಸಿ ನಿಂತಿದ್ದಳು. ಎಲ್ಲರಿಗೂ ಏನಾದರೊಂದು ಒಳ್ಳೆಯ ಮಾತು ಹೇಳುವುದು ಅವಳ ಅಭ್ಯಾಸ. ಕಲಿಸುವ ಹೆಂಗಸರೆಲ್ಲ ಆ ಕಡೆ ಬಾಯಾರು. ನನ್ನ ಚಪ್ಪಲಿ ನೋಡಿಯೂ, "ಬಾಯಾರ, ಭಾರಿ ಅದಾವ್ರಿ" ಅಂದಳು. ಅವು ಭಾರಿಯೇನೂ ಇರಲಿಲ್ಲ.

ಬಸ್ ನಿಲ್ದಾಣದಲ್ಲಿ ನನ್ನ ಜೊತೆಯ ಇನ್ನೊಬ್ಬ ರೆಫರಿ ಕಾದು ನಿಂತಿದ್ದರು. ಅಕ್ಕಲಕೋಟೆಯ ಶಾಲೆಯ ಗಣಿತದ ಮಾಸ್ತರರು. ಮನೆಮಾತು ಮರಾಠಿ, ಆದರೆ ಕನ್ನಡವನ್ನು ಊರವರ ಹಾಗೆಯೇ ಆಡುತ್ತಿದ್ದರು. ಮೈದಾನದ ಕಡೆ ನಡೆಯುತ್ತ ಅವರು ಧ್ವನಿ ತಗ್ಗಿಸಿದರು.

"ಬಾಯಾರ, ಇವತ್ತ ಜರಾ ಸಂಭಾಳಿಸಿ ಊದ್ರಿ. ನಮ್ಮ ಕ್ಯಾಪ್ಟನ್ ಹುಡುಗಿಯ ಆಯಿ ಬರಾಕತ್ತಾಳ."

ಅವರು ಹೇಳಿದ್ದರ ಸಾರಾಂಶ ಇದು. ಆ ಹುಡುಗಿಯ ಮನೆತನ ಊರ ಹೊರಗೆ ಹೊಲ, ಊರೊಳಗೆ ದೊಡ್ಡ ವಾಡೆ ಇದ್ದವರು. ಹುಡುಗಿಗೆ ಮ್ಯಾಟ್ರಿಕ್‌ಗೆ ಇನ್ನೂ ಒಂದು ವರ್ಷ. ಅಷ್ಟರಲ್ಲಿ ನೋಡಲು ಗಂಡಿನವರು ಬರುತ್ತೇವೆಂದು ಹೇಳಿ ಕಳಿಸಿದ್ದರು. ಹೆಣ್ಣುಹುಡುಗಿ ಮಂದಿಯ ಮುಂದೆ ಚೆಂಡು ಹಿಡಿದು ಓಡುವುದು ಯಾಕೆ, ಶಾಲೆ ಬಿಡಿಸಿ ಎಂದು ಮನೆಯಲ್ಲಿ ಮಾತು ಎದ್ದಿತ್ತು. ಮನೆಯ ಮಾತೆಲ್ಲ ಕೊನೆಗೆ ಆಯಿಯ, ಅಂದರೆ ಹುಡುಗಿಯ ಅಜ್ಜಿಯ, ಹತ್ತಿರ ಹೋಗಿ ನಿಲ್ಲುತ್ತಿತ್ತು. ಆಯಿ ಒಂದೇ ಮಾತು ಹೇಳಿದ್ದಳಂತೆ: ಆಟ ಎಂಥದ್ದೆಂದು ನಾನೇ ಹೋಗಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ. ಅವಳು ಹೂಂ ಅಂದರೆ ಹುಡುಗಿ ಆಡುತ್ತಾಳೆ, ಓದುತ್ತಾಳೆ. ಊಹೂಂ ಅಂದರೆ ಸೋಮವಾರದಿಂದ ಶಾಲೆಗೇ ಬರುವುದಿಲ್ಲ.

"ನೀವೂ ಸೀಟಿ ಊದಾವ್ರಲ್ರಿ ಸರ್?" ಅಂದೆ.

"ನಾ ಅವರ ವಾಡೇದಾಗ ಬಾಡಗಿಗೆ ಅದೀನ್ರಿ" ಅಂದರು ಮಾಸ್ತರರು. ಅಷ್ಟಕ್ಕೇ ಎಲ್ಲವೂ ತಿಳಿಯಿತು.

ಮೈದಾನದ ಬಾಗಿಲಲ್ಲಿ ಆ ಹುಡುಗಿಯೇ ಸಿಕ್ಕಳು. ಪರಕಾರವನ್ನು, ಅಂದರೆ ಉದ್ದ ಲಂಗವನ್ನು, ಮೊಣಕಾಲ ಕೆಳಗೆ ಬರುವಂತೆ ಎತ್ತಿ ಕಟ್ಟಿ, ಬರಿಗಾಲಲ್ಲಿ ನಿಂತಿದ್ದಳು. ಗಿಡ್ಡಗಿದ್ದಳು, ಚುರುಕಾದ ಕಣ್ಣು.

"ಬಾಯಾರ, ನೀವು ನ್ಯಾಯದ್ದ ಮಾಡ್ರಿ" ಅಂದಳು. ಸ್ವಲ್ಪ ತಡೆದು, "ಆದ್ರ ನಮ್ಮ ಆಯೀನ ಸಿಟ್ಟಿಗೆಬ್ಬಸಬ್ಯಾಡ್ರಿ."

"ಎರಡೂ ಕೂಡಿ ಹೆಂಗ ಆಗ್ತದ ಗ?"

"ಅದ ನನಗೂ ತಿಳಿವಲ್ದರಿ" ಅಂದು ಓಡಿದಳು.

ಅಂಗಳ ಮಣ್ಣಿನದು, ಹದವಾಗಿ ಬಡಿದು ಸುಣ್ಣದ ಗೆರೆ ಎಳೆದಿದ್ದರು. ಬುಟ್ಟಿ ಎಂದರೆ ಊರ ಕಮ್ಮಾರ ಬಗ್ಗಿಸಿಕೊಟ್ಟ ಕಬ್ಬಿಣದ ಬಳೆ, ಬಲೆ ಇರಲಿಲ್ಲ. ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ ಮನೆಯ ಹೆಂಗಸರು ಕುಳಿತಿದ್ದರು. ನಡುವೆ ಆಯಿ. ಇಳಕಲ್ಲಿನ ಸೀರೆ, ನೆಟ್ಟಗಿನ ಬೆನ್ನು. ಅವಳ ಪಕ್ಕದಲ್ಲಿ ಮುಖ ಮುಚ್ಚುವಷ್ಟು ಸೆರಗು ಎಳೆದುಕೊಂಡು ಕುಳಿತವಳು ಸೊಸೆ, ಅಂದರೆ ಆ ಹುಡುಗಿಯ ತಾಯಿ. ಗಂಡಸರನ್ನು ಅಂಗಳದ ಆಚೆ ಬದಿಗೆ ಕಳಿಸಿದ್ದರು. ಆಯಿ ಒಂದು ಸಲ ಆ ಕಡೆ ನೋಡಿದಳು, ಅವರು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿದರು.

ಮೊದಲರ್ಧದಲ್ಲಿ ಅಕ್ಕಲಕೋಟೆಯ ಕ್ಯಾಪ್ಟನ್ ಆಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಸೊಲ್ಲಾಪುರದ ಹುಡುಗಿಯರ ಕೈಗಳ ಕೆಳಗಿನಿಂದ ನುಸುಳಿ ನುಸುಳಿ ಹೋಗಿ ಚೆಂಡು ಹಾಕಿ ಬರುತ್ತಿದ್ದಳು. ಅವಳನ್ನು ಕಾಯಬೇಕಾದವಳು ಎತ್ತರದ ಹುಡುಗಿ. ಒಂದು ಸಲ ಪೂರ್ತಿ ಮೋಸಹೋಗಿ, ಚೆಂಡು ಬಳೆಯೊಳಗೆ ಬಿದ್ದದ್ದು ನೋಡಿ, ಅವಳು ಎಲ್ಲರೂ ಕೇಳುವ ಹಾಗೆ ಕೂಗಿದಳು: "ಏ ಯವ್ವಾ, ಭಾರಿ ಆಡ್ತೀ ಗ ನೀ! ನಿನ್ನಂಥಾಕಿನ್ನ ನಾ ನೋಡೇ ಇಲ್ಲ!"

ನನಗೆ ಖುಷಿಯಾಯಿತು. ಎದುರಾಳಿಯನ್ನು ಬಾಯಿತುಂಬ ಹೊಗಳುವ ಆಟಗಾರ್ತಿ ಎಲ್ಲಿ ಸಿಗುತ್ತಾಳೆ? ತಿರುಗಿ ಬೇವಿನ ಗಿಡದ ಕಡೆ ನೋಡಿದ್ದರೆ ಮುಂದಿನದು ತಿಳಿಯುತ್ತಿತ್ತೇನೋ. ನೋಡಲಿಲ್ಲ. ಜಮಖಾನೆಯ ಮೇಲೆ ಆಗ ಏನಾಯಿತೆಂದು ಮಾಸ್ತರರು ಆಮೇಲೆ ಹೇಳಿದರು. ಆಯಿ ಬೆನ್ನು ಇನ್ನೂ ನೆಟ್ಟಗೆ ಮಾಡಿ, "ನದರ ಹಚ್ಚಿದ್ಲು" ಅಂದಿದ್ದಳಂತೆ.

ಯಾರ ಎದುರಿಗೂ ಯಾರ ಮಗುವನ್ನೂ ಹಾಗೆ ಬಿಚ್ಚು ಮಾತಿನಲ್ಲಿ ಹೊಗಳಬಾರದು, ಹೊಗಳಿದರೆ ಕಣ್ಣು ತಾಗುತ್ತದೆ. ಇದು ನಮ್ಮ ಕಡೆಯ ಯಾವ ಮನೆಗೆ ಹೋದರೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಪುಣೆಯ ಓದು ಅದನ್ನು ಮರೆಸಿತ್ತು, ಅಷ್ಟೇ. ಎರಡನೆಯ ಅರ್ಧದಲ್ಲಿ ಆ ಹುಡುಗಿಯ ಕೈ ಕೆಟ್ಟಿತು. ಎಸೆದ ಚೆಂಡು ಬಳೆಗೆ ಬಡಿದು ಹೊರಗೆ, ಮತ್ತೆ ಬಡಿದು ಹೊರಗೆ. ಅವಳಿಗೆ ದಣಿವಾಗಿತ್ತು, ಆಯಿ ನೋಡುತ್ತಿದ್ದಾಳೆಂಬ ಹೆದರಿಕೆಯೂ ಇತ್ತು ಎಂದು ನನ್ನ ಲೆಕ್ಕ. ಬೇವಿನ ಗಿಡದ ಕೆಳಗೆ ಬೇರೆ ಲೆಕ್ಕ ನಡೆದಿತ್ತು.

ಅಕ್ಕಲಕೋಟೆಯವರು ಟೈಮೌಟ್ ಕೇಳಿದರು. ನಾನು ಸೀಟಿ ಊದಿ ಚೆಂಡು ಸೊಂಟಕ್ಕೆ ಆನಿಸುವಷ್ಟರಲ್ಲಿ ಆಯಿ ಸುಣ್ಣದ ಗೆರೆ ದಾಟಿ ಒಳಗೆ ಬಂದಾಗಿತ್ತು. ಕೈಯಲ್ಲಿ ಎಳ್ಳುಂಡೆ. ನೇರವಾಗಿ ಹೋಗಿ ಮೊಮ್ಮಗಳ ಬಾಯಿಗೆ ಒಂದು ತುರುಕಿ, ಸೆರಗಿನಿಂದ ಮುಖ ಒರೆಸಿ, ಎತ್ತಿ ಕಟ್ಟಿದ ಪರಕಾರವನ್ನು ಬಿಚ್ಚಿ ಪಾದದವರೆಗೆ ಇಳಿಬಿಟ್ಟಳು. ಆಚೆ ಬದಿಯ ಗಂಡಸರು ನಕ್ಕರು. ಹುಡುಗಿ ಬಾಯಿತುಂಬ ಉಂಡೆ ಇಟ್ಟುಕೊಂಡು ಮಾತಾಡಲಾಗದೆ ನನ್ನನ್ನೇ ನೋಡಿದಳು.

ನಾನು ಅವಳ ಹತ್ತಿರ ಹೋಗಿ, ನಿಯಮದ ಪ್ರಕಾರ ಕ್ಯಾಪ್ಟನ್ನಿಗೇ ಹೇಳಿದೆ: ಟೈಮೌಟಿನಲ್ಲಿ ನಿಮ್ಮ ಕಡೆಯವರು ಒಳಗೆ ಬರಬಾರದು, ಇದು ಎಚ್ಚರಿಕೆ, ಮುಂದಿನ ಸಲ ಫೌಲು.

ಹುಡುಗಿ ಉಂಡೆ ನುಂಗಿ ತಿರುಗಿದಳು. "ಆಯಿ, ಒಳಗ ಬರಬಾರದಂತ."

"ಯಾಕ? ಇದೇನು ದೇವರ ಗದ್ದಗಿಯೇನು?" ಅಂದಳು ಆಯಿ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಪಂಜಾಬಿ ಡ್ರೆಸ್ಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. "ಮತ್ತ ಇಕಿ ಹೆಂಗ ಬಂದಾಳ?"

"ಅವ್ರು ಪಂಚರು ಆಯಿ!"

ಪಂಚರು ಎನ್ನುವುದು ಊರ ನ್ಯಾಯ ಹೇಳುವವರಿಗಷ್ಟೇ ಅಲ್ಲ, ಮರಾಠಿಯಲ್ಲಿ ರೆಫರಿಗೂ ಇದ್ದ ಹೆಸರು. ಆ ಮಾತಿಗೆ ಆಯಿ ನನ್ನನ್ನು ಇನ್ನೊಮ್ಮೆ ನೋಡಿ, ಹೋಗಿ ಕುಳಿತಳು. ಗೆದ್ದೆ ಎಂದುಕೊಂಡೆ. ಪರಕಾರ ಮತ್ತೆ ಮೇಲೇರಿತು, ಆಟ ಸಾಗಿತು. ಆದರೆ ಹುಡುಗಿಯ ಚೆಂಡು ಬಳೆಯೊಳಗೆ ಹೋಗಲೊಲ್ಲದು.

ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಉಳಿದಿತ್ತು. ಎರಡೂ ತಂಡ ಸಮಸಮ. ಈ ಸಲ ಟೈಮೌಟ್ ಕೇಳಿದ್ದು ಸೊಲ್ಲಾಪುರದವರು. ಯಾರು ಕೇಳಿದರೆ ಆಯಿಗೇನು, ಆಟ ನಿಂತರೆ ಸಾಕು. ಅವಳು ಎದ್ದಳು. ಹಿಂದೆ ಸೊಸೆ, ಕೈಯಲ್ಲಿ ಒಡೆದ ಗಡಿಗೆಯ ಚೂರು. ಅದರ ಮೇಲೆ ಗೇಟಿನ ಹತ್ತಿರದ ಚಹಾದಂಗಡಿಯ ಒಲೆಯಿಂದ ತಂದ ಕೆಂಡ. ಆಯಿಯ ಮುಷ್ಟಿಯಲ್ಲಿ ಏನಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ.

"ಸರ್, ಊದ್ರಿ!" ಎಂದು ಮಾಸ್ತರರಿಗೆ ಕೂಗಿದೆ. ಆಯಿಗೆ ಹತ್ತಿರವಿದ್ದವರು ಅವರು.

ಮಾಸ್ತರರು ಸೀಟಿಯನ್ನು ಬಾಯಿಂದ ತೆಗೆದು ಅದರೊಳಗೆ ಇಣುಕಿ ನೋಡಿದರು. "ಗುಂಡು ಸಿಕ್ಕೊಂಡದ್ರಿ ಬಾಯಾರ."

ಆಯಿ ಮೊಮ್ಮಗಳನ್ನು ಅಂಗಳದಲ್ಲಿಯೇ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ ಮುಷ್ಟಿಯನ್ನು ತಲೆಯಿಂದ ಕಾಲಿನವರೆಗೆ ಇಳಿಸತೊಡಗಿದಳು. ಹಾದಿ ಕಣ್ಣು, ಬೀದಿ ಕಣ್ಣು, ಮನೆಯವರ ಕಣ್ಣು, ಹೊರಗಿನವರ ಕಣ್ಣು. ಎಲ್ಲರ ಮನೆಯಲ್ಲಿಯೂ ಗುಣುಗುಣು ಅನ್ನುವುದೇ. ಆದರೆ ಆಯಿ ಗುಣುಗುಟ್ಟಲಿಲ್ಲ. ಕೊನೆಗೆ ಎಡಗೈ ಎತ್ತಿ ನೇರವಾಗಿ ಬೆರಳು ತೋರಿಸಿದಳು:

"ಆ ಸೊಲ್ಲಾಪುರದ ಉದ್ದನಾಕಿ ಕಣ್ಣ, ಅದೂ ಸುಟ್ಟು ಹೋಗ್ಲಿ!"

ಎತ್ತರದ ಹುಡುಗಿಯ ಮುಖ ಬಿಳುಚಿತು. "ನಾ ಏನ್ ಮಾಡೀನ್ರಿ? ಚೊಲೋ ಆಡ್ತಿ ಅಂದದ್ದ ಚೂಕ ಆತೇನ್ರಿ?" ಅಂದವಳೇ ಅತ್ತುಬಿಟ್ಟಳು. ಅವಳ ಸುತ್ತ ತಂಡದವರು ಕೂಡಿದರು. ಸೊಲ್ಲಾಪುರದವರಿಗೆ ಆಟ ಕಲಿಸುತ್ತಿದ್ದ ಬಾಯಾರು ನನ್ನ ಕಡೆ ದಾಪುಗಾಲು ಹಾಕಿ ಬಂದು ಮರಾಠಿಯಲ್ಲಿ ಶುರು ಮಾಡಿದರು. ಇದು ಫೌಲಲ್ಲವೋ? ನಮ್ಮ ಹುಡುಗಿಗೆ ಎಲ್ಲರೆದುರು ಅವಮಾನವಾದದ್ದು ಕಾಣಿಸಲಿಲ್ಲವೋ? ಕೊಡುತ್ತೀರೋ, ಇಲ್ಲಾ ನಾವು ಬಸ್ಸು ಹಿಡಿಯೋಣವೋ?

ಫೌಲು ಹೌದೇ ಹೌದು. ಎಚ್ಚರಿಕೆ ಕೊಟ್ಟಿದ್ದೆ, ಮೀರಿ ಬಂದಿದ್ದಾರೆ. ಎದುರು ತಂಡದವಳನ್ನು ಬೆರಳು ಮಾಡಿ ಬೈದಿದ್ದಾರೆ. ಬೈದವಳು ಆಟಗಾರ್ತಿಯಲ್ಲ, ಆದರೆ ತಂಡದ ಕಡೆಯವಳು. ಇಷ್ಟೆಲ್ಲ ನನ್ನ ತಲೆಯಲ್ಲಿ ಸಾಲಾಗಿ ನಿಂತಿತ್ತು. ಅದರ ಪಕ್ಕದಲ್ಲಿಯೇ ಇನ್ನೊಂದು: ಸಮಸಮ ಇರುವ ಆಟದಲ್ಲಿ, ಇಡೀ ಊರಿನ ಮುಂದೆ, ಆ ಮುದುಕಿಗೆ ತಪ್ಪು ಹೊರಿಸಿದರೆ ಸೋಮವಾರ ಆ ಹುಡುಗಿ ಶಾಲೆಯಲ್ಲಿ ಇರುವುದಿಲ್ಲ. ಹುಡುಗಿಯ ಮುಖ ನೋಡಬಾರದೆಂದುಕೊಂಡು ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು ಪೂರ್ವಕ್ಕೆ ತಿರುಗಿ ನಿಂತಿದ್ದಳು.

ಮುಂದಿನದನ್ನು ನಾನು ಈ ಐವತ್ತು ಚಿಲ್ಲರೆ ವರ್ಷಗಳಲ್ಲಿ ಒಂದೇ ರೀತಿ ಹೇಳುತ್ತ ಬಂದಿದ್ದೇನೆ: ನಾನು ಸೀಟಿ ಊದಿ, ಒಂದು ಅಂಗೈ ಮೇಲೆ ಇನ್ನೊಂದನ್ನು ನಿಲ್ಲಿಸಿ ಟೆಕ್ನಿಕಲ್ ಫೌಲಿನ ಸಂಜ್ಞೆ ಮಾಡಿದೆ, ಆಮೇಲೆ ಆಯಿ ಮುಷ್ಟಿಯನ್ನು ಕೆಂಡದ ಮೇಲೆ ಬಿಚ್ಚಿದಳು. ಮಾಸ್ತರರು ಮಾತ್ರ ಬದುಕಿರುವವರೆಗೆ ಅದಲುಬದಲಾಗಿ ಹೇಳಿದರು. ಮೊದಲು ಮೆಣಸಿನಕಾಯಿ, ಆಮೇಲೆ ಸೀಟಿ. ಸಣ್ಣ ವ್ಯತ್ಯಾಸವಲ್ಲ ಇದು. ನನ್ನದು ನಿಜವಾದರೆ ನಾನು ಧೈರ್ಯಸ್ಥೆ. ಅವರದು ನಿಜವಾದರೆ ನನಗೆ ಮೆಣಸಿನಕಾಯಿ ದಾರಿ ಮಾಡಿಕೊಟ್ಟಿತು. ಆ ದಿನದ ದಿನಚರಿ ತೆಗೆದು ನೋಡಿದರೆ ಅಲ್ಲಿರುವುದು ಪಂದ್ಯ ಚೆನ್ನಾಗಿತ್ತು, ಕಣ್ಣು ಉರಿ ಎಂದಷ್ಟೇ. ನನ್ನ ಪರವಾಗಿ ನನಗೆ ಸಿಕ್ಕ ಒಂದೇ ಸಾಕ್ಷಿಯೆಂದರೆ, ಆ ಹೊಗೆಯಲ್ಲಿ ಯಾರಿಗೂ ಸೀಟಿ ಊದಲು ಸಾಧ್ಯವಿರಲಿಲ್ಲ. ಆದರೆ ಆ ಸೀಟಿ ಸರಿಯಾಗಿ ಕೂಗದೆ ಪುರ್‍ರೆಂದದ್ದೂ ನನಗೆ ನೆನಪಿದೆ.

ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ಮೆಣಸಿನಕಾಯಿ ಒಳ್ಳೆಯ ಖಾರದವು, ಅವರ ಹೊಲದವೇ. ಘಾಟು ಮೊದಲು ಅಕ್ಕಲಕೋಟೆಯ ತಂಡವನ್ನು ಹಿಡಿಯಿತು, ಆಮೇಲೆ ಸೊಲ್ಲಾಪುರದವರನ್ನು. ನನ್ನ ಮುಂದೆ ನಿಂತು ಮಾತಾಡುತ್ತಿದ್ದ ಬಾಯಾರು ಒಂದು ವಾಕ್ಯದ ನಡುವೆ ಬಾಯಿ ತೆರೆದವರು ಮುಚ್ಚಲಿಲ್ಲ, ಕೆಮ್ಮಿಯೇ ಕೆಮ್ಮಿದರು. ಹೆಡ್‌ಮಾಸ್ತರರು ಕುರ್ಚಿಯಿಂದ ಎದ್ದು ಗೋಡೆ ಹಿಡಿದುಕೊಂಡರು. ಹಿಂದೆ ಸರಿದು ನಿಂತಿದ್ದ ಗಂಡಸರು ಇನ್ನೂ ಹಿಂದೆ ಓಡಿದರು. ಎಲ್ಲರಿಗಿಂತ ಜೋರಾಗಿ ಕೆಮ್ಮಿದವಳು ಆಯಿ. ಕೆಂಡಕ್ಕೆ ಹತ್ತಿರವಿದ್ದವಳು ಅವಳೇ.

ಕೆಮ್ಮು ಸ್ವಲ್ಪ ಇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ, ಸೆರಗಿನೊಳಗಿಂದ, ಅಷ್ಟು ಹೊತ್ತು ಬಾಯಿಬಿಡದಿದ್ದ ಸೊಸೆ ಮೆಲ್ಲಗೆ ಅಂದಳು:

"ಅತ್ತಿ, ಘಾಟ ಬಂತಲ್ರಿ."

ನದರು ತಾಗಿದ್ದು ಖರೆಯಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ, ಕಣ್ಣು ಅದನ್ನು ನುಂಗಿಬಿಡುತ್ತದೆ. ಘಾಟು ಬಂದು ಕೆಮ್ಮು ಬಂದರೆ ನದರು ಇರಲೇ ಇಲ್ಲ ಎಂದರ್ಥ. ಅಲ್ಲಿ ನಿಂತಿದ್ದ ಒಬ್ಬರಿಗೂ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲು ಚಹಾದಂಗಡಿಯವನು ನಕ್ಕ, ಆಮೇಲೆ ಹುಡುಗಿಯರು, ಆಮೇಲೆ ಮೈದಾನವೇ ನಕ್ಕಿತು, ನಗುವಿನ ನಡುವೆ ಕೆಮ್ಮು, ಕೆಮ್ಮಿನ ನಡುವೆ ನಗು.

"ನನಗೂ ಮೂಗ ಅದ" ಅಂದಳು ಆಯಿ ಸೊಸೆಗೆ. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಏನ ಪಂಚವ್ವಾ, ಕೈ ಹಂಗ ಯಾಕ ಹಿಡ್ಕೊಂಡು ನಿಂತಿ?"

ನನ್ನ ಕೈಗಳು ಇನ್ನೂ ಸಂಜ್ಞೆಯಲ್ಲಿಯೇ ಇದ್ದವು. (ಇದು ಇನ್ನೊಂದು ಸಾಕ್ಷಿ. ಇಷ್ಟು ಅನುಕೂಲವಾದ ಸಾಕ್ಷಿಯನ್ನು ನಂಬಬಾರದೆಂದೂ ಗೊತ್ತು.)

"ತಪ್ಪು ಹಾಕೀನ್ರಿ ಆಯಿ. ನಿಮ್ಮ ಕಡೆ ಪಾರ್ಟಿಗೆ. ಅವರಿಗೆ ಒಂದು ಎಸೆತ ಸಿಗ್ತದ."

"ಯಾರ ತಪ್ಪಿಗೆ?"

"ನಿಮ್ಮದ್ರಿ."

ಮಾಸ್ತರರು ನನ್ನ ಹಿಂದೆ ಸಣ್ಣದಾಗಿ "ದೇವಾ" ಅಂದದ್ದು ಕೇಳಿಸಿತು. ಆಯಿ ಮೊಮ್ಮಗಳನ್ನು ನೋಡಿದಳು, ಮೊಮ್ಮಗಳು ನೆಲ ನೋಡಿದಳು.

"ನಾ ಮುದುಕಿ. ಆಟ ತಿಳಿದಾಕಿ ಅಲ್ಲ. ಬಿಡಾಕ ಬರೂದಿಲ್ಲೇನು?"

"ಬಿಟ್ರ ಆ ಹುಡುಗೀಗೆ ಅನ್ಯಾಯ ಆಗ್ತದ್ರಿ. ಆಕೀ ಕಣ್ಣಾಗ ಏನಿಲ್ಲಂತ ನೀವ ಈಗ ತೋರಿಸಿದ್ರಿ."

ಆಯಿ ಎತ್ತರದ ಹುಡುಗಿಯ ಕಡೆ ನೋಡಿದಳು. "ತವರೂರು ಭಂಡಾರಕವಠ್ಯಾಗ ನಮ್ಮಪ್ಪನೂ ಪಂಚ ಇದ್ದ" ಅಂದಳು. "ಸ್ವಂತ ಬೀಗರಿಗೆ ದಂಡ ಹಾಕಿ ಬರ್ತಿದ್ದ. ಹಾಕು. ಬರೋಬರ್ ಅದ." ಗೆರೆಯ ಕಡೆ ನಡೆದು ಸರಿಯಾಗಿ ಅದರ ಆಚೆಗೆ ಹೆಬ್ಬೆರಳು ಇಟ್ಟು ನಿಂತಳು. ಮರಳಿ ಜಮಖಾನೆಗೆ ಹೋಗಲಿಲ್ಲ.

ಎಸೆಯಲು ಬಂದವಳು ಎತ್ತರದ ಹುಡುಗಿಯೇ. ಕಣ್ಣುಗಳಿಂದ ನೀರು ಇಳಿಯುತ್ತಿತ್ತು, ಅತ್ತದ್ದಕ್ಕೋ ಘಾಟಿಗೋ. ಎಸೆಯಲು ಚೆಂಡು ಎತ್ತಿದಾಗ ಆಯಿ ಕೂಗಿದಳು: "ಏ ಪೋರಿ, ಕಣ್ಣ ಒರಸ್ಕೊಂಡು ಹಾಕು! ಕಾಣಲಾರದ ಹಾಕಿದ್ರ ಬೀಳ್ತದೇನು?"

ಎಸೆಯುವವಳಿಗೆ ಗೆರೆಯ ಹೊರಗಿಂದ ಕೂಗುವುದೂ ತಪ್ಪೇ. ಆದರೆ ಎದುರು ತಂಡದವಳ ಒಳಿತಿಗೆ ಕೂಗಿದರೆ ಏನು ಮಾಡಬೇಕೆಂದು ಪುಸ್ತಕದಲ್ಲಿ ಇರಲಿಲ್ಲ. ಹುಡುಗಿ ತೋಳಿನಿಂದ ಕಣ್ಣು ಒರೆಸಿ ಎಸೆದಳು. ಬಲೆ ಇಲ್ಲದ ಆ ಬಳೆಯಲ್ಲಿ ಚೆಂಡು ಎಲ್ಲಿಯೂ ತಾಗದೆ ಇಳಿಯಿತು.

"ಭಾರಿ ಹಾಕಿದಿ ಗ!" ಅಂದಳು ಆಯಿ. ಅಂದವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಎರಡೂ ಕೈಗಳನ್ನು ಆ ಹುಡುಗಿಯ ಕಡೆ ಚಾಚಿ, ತನ್ನ ಕಪಾಲಕ್ಕೆ ಒತ್ತಿ, ಹತ್ತೂ ಬೆರಳು ಲಟಲಟ ಅನ್ನುವಂತೆ ಲಟಿಗೆ ಮುರಿದಳು. ತನ್ನ ಕಣ್ಣೇ ತಾಗಬಾರದೆಂದು.

ಉಳಿದ ಆಟದಲ್ಲಿ ಯಾರ ಕಣ್ಣಿಗೂ ಬುಟ್ಟಿ ಸರಿಯಾಗಿ ಕಾಣುತ್ತಿರಲಿಲ್ಲ. ಇಬ್ಬರೂ ಮೇಲಿಂದ ಮೇಲೆ ಎಸೆದರು, ಏನೂ ಬೀಳಲಿಲ್ಲ. ಕೊನೆಯ ಸೀಟಿ ಆದಾಗ ಸೊಲ್ಲಾಪುರ ಒಂದು ಪಾಯಿಂಟಿನಿಂದ ಗೆದ್ದಿತ್ತು. ಆ ಒಂದು ಯಾವುದೆಂದು ಎಲ್ಲರಿಗೂ ಗೊತ್ತಿತ್ತು.

ಆಯಿ ನನ್ನನ್ನು ಬೇವಿನ ಗಿಡದ ಕೆಳಗೆ ಕರೆಸಿದಳು. ಜಮಖಾನೆಯ ಅಂಚಿನಲ್ಲಿ ಕುಳಿತೆ. ನನ್ನ ಕೈಗೂ ಒಂದು ಎಳ್ಳುಂಡೆ ಬಂತು. ಅತ್ತ ಕ್ಯಾಪ್ಟನ್ ಹುಡುಗಿ ಇನ್ನೊಂದು ಜಮಖಾನೆ ಮಡಚುವಂತೆ ಮಾಡುತ್ತ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಎತ್ತರದ ಹುಡುಗಿ ಅದರ ಇನ್ನೊಂದು ತುದಿ ಹಿಡಿದಿದ್ದಳು.

"ಯಾವೂರವ್ವಾ ನಿಂದು?"

"ಹೋಟಗಿ ರೀ. ಅಪ್ಪ ರೇಲ್ವೇದಾಗ ಅದಾರ."

"ಲಗ್ನ ಆಗ್ಯಾದೇನು?"

"ಇಲ್ರಿ."

"ಮತ್ತ ಮನ್ಯಾಗ ಯಾರೂ ಏನೂ ಅನ್ನೂದಿಲ್ಲ?"

"ಅಂತಾರ್ರಿ. ನಾ ಸೀಟಿ ಊದ್ತೀನಿ."

ಹೀಗೆ ಉತ್ತರ ಕೊಟ್ಟೆ ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಬಹುಶಃ ಆಗ ಹೇಳಿದ್ದು "ಅಂತಾರ್ರಿ" ಎಂದಷ್ಟೇ ಇರಬೇಕು. ಉಳಿದರ್ಧ ಬಸ್ಸಿನಲ್ಲಿ ಮರಳುವಾಗ ಹೊಳೆದಿರಬೇಕು. ಆಯಿ ನಕ್ಕದ್ದು ಮಾತ್ರ ಖರೆ, ಅವಳ ಮುಂದಿನ ಹಲ್ಲೊಂದು ಇಲ್ಲದ್ದು ಆಗಲೇ ನಾನು ನೋಡಿದ್ದು.

"ನಾ ಹೆದರಿದ್ದೆ" ಅಂದಳು. "ನಮ್ಮ ಹುಡುಗಿ ಮಂದ್ಯಾಗ ಓಡ್ತಾಳ, ಬೀಳ್ತಾಳ, ಯಾರರೆ ಏನರೆ ಅಂದ್ರ ಕೇಳಾವ್ರು ಯಾರು ಅಂತ. ಇಲ್ಲಿ ನನಗ ಬಿಡಲಿಲ್ಲ ನೀ. ಮತ್ತ ಯಾರಿಗೆ ಬಿಡ್ತಿ?" ಎಂದು ಸೆರಗಿನಿಂದ ಮತ್ತೊಮ್ಮೆ ಕಣ್ಣು ಒತ್ತಿಕೊಂಡಳು, ಆ ಮೆಣಸಿನಕಾಯಿ ನಮ್ಮನ್ನು ಸಂಜೆಯವರೆಗೂ ಬಿಡಲಿಲ್ಲ. ಆಮೇಲೆ ಮಾಸ್ತರರ ಕಡೆ ತಿರುಗಿದಳು. "ಮಾಸ್ತರ, ಮುಂದಿನ ಆಟ ಯಾವಾಗ?"

"ಮುಂದಿನ ತಿಂಗಳರಿ. ಸೊಲ್ಲಾಪುರದಾಗ." ಮಾಸ್ತರರ ಧ್ವನಿ ಈಗ ಸರಿಯಾಗಿ ಹೊರಡುತ್ತಿತ್ತು.

"ಒಂದರಿಂದ ಸೋತಾರ. ಆ ಒಂದು ನಂದು. ನನ್ನಿಂದ ಹೋದದ್ದು ಇಕೀ ಕೈಯಿಂದ ತಿರುಗಿ ಬರಬೇಕಲ್ಲ?" ಆಯಿ ಸೊಸೆಗೆ ಹೇಳಿದಳು, "ಏ, ನಿನ್ನ ಗಂಡಗ ಹೇಳು. ಆ ನೋಡಾಕ ಬರೂ ಮಂದೀಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ಲಿ. ಹುಡುಗಿ ಖಾಲಿ ಇಲ್ಲ ಅನ್ಲಿ."

ಸೊಸೆ ಸೆರಗನ್ನು ತುಸು ಹಿಂದೆ ಸರಿಸಿ ಮಗಳ ಕಡೆ ನೋಡಿದಳು. ಅವಳು ಹಿಡಿದಿದ್ದ ಜಮಖಾನೆಯ ತುದಿ ನೆಲಕ್ಕೆ ಬಿದ್ದಿತ್ತು, ಅವಳು ಅಂಗಳಕ್ಕೆ ಓಡಿದ್ದಳು. ಇನ್ನೊಂದು ತುದಿಯನ್ನೂ ಎತ್ತರದ ಹುಡುಗಿ ಬಿಟ್ಟು ಓಡಿದಳು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಅಂಗಳದಲ್ಲಿ ಚೆಂಡು ಹಿಡಿದು ಎಸೆಯುತ್ತಿದ್ದರು. ಚೆಂಡು ಈಗ ಪ್ರತಿ ಸಲವೂ ಬೀಳುತ್ತಿತ್ತು. ರಸ್ತೆಯಲ್ಲಿ ನಮ್ಮ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಸೊಲ್ಲಾಪುರದ ಬಾಯಾರು ಕೆಮ್ಮುತ್ತಲೇ ಎಲ್ಲರನ್ನೂ ಕೂಗುತ್ತಿದ್ದರು, ಯಾರೂ ಕೇಳುವಂತೆ ಕಾಣಲಿಲ್ಲ.